ಮೋಡೆಮ್ ಜಗಳವೂ ಮನೆಯ ಲೆಕ್ಕವೂ

ಸಂಬಳವನ್ನೇ ನೆಚ್ಚಿ ಬಾಳುವ ನಮ್ಮಂಥ ಗುಮಾಸ್ತರಿಗೆ ಹೊಸ ಸಾಮಾನು ಕೊಳ್ಳುವುದೆಂದರೆ ಒಂದು ಪರೀಕ್ಷೆಯೇ ಸರಿ. ಇಂದು ಕೊಂಡರೆ ನಾಳೆ ಹಳತಾದೀತು. ನಾಳೆ ಕೊಳ್ಳೋಣವೆಂದರೆ ಇಂದಿನ ಕೆಲಸ ನಿಂತೀತು. ಈ ಪೇಚು ದೊಡ್ಡ ಕಂಪೆನಿಗಳನ್ನೂ ಬಿಟ್ಟಿಲ್ಲವೆಂಬುದೇ ನಮಗೊಂದು ಸಮಾಧಾನ.

ನಮ್ಮ ಕಲ್ಕತ್ತೆಯ ಜನರಿಗೆ ಇಂಟರ್‌ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಆಗ ಅದು ಮನೆಗೆ ಬರುತ್ತಿದ್ದುದು ಟೆಲಿಫೋನ್ ತಂತಿಯಲ್ಲಿ. ಆ ತಂತಿಗೆ ಗೊತ್ತಿದ್ದುದು ಧ್ವನಿಯೊಂದೇ. ಕಂಪ್ಯೂಟರಿನ ಅಂಕಿಗಳನ್ನು ಧ್ವನಿಯಾಗಿಯೂ, ಧ್ವನಿಯನ್ನು ಮತ್ತೆ ಅಂಕಿಗಳಾಗಿಯೂ ಮಾಡುವ ದುಭಾಷಿಯೇ ಮೋಡೆಮ್. ಮನೆಯ ತುದಿಯಲ್ಲೊಂದು, ಇಂಟರ್‌ನೆಟ್ ಕೊಡುವವರ ತುದಿಯಲ್ಲೊಂದು. ಎರಡಕ್ಕೂ ಒಂದೇ ಭಾಷೆ ಬರಬೇಕು. ಲೇಕ್ ಮಾರ್ಕೆಟ್ಟಿನಲ್ಲಿ ಬಂಗಾಳಿ ಬಾರದೆ ತರಕಾರಿಗೆ ಕೈಸನ್ನೆ ಮಾಡಿದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲವಷ್ಟೆ.

1997ರಲ್ಲಿ ಅಮೆರಿಕದಲ್ಲಿ ಜಗಳ ಹುಟ್ಟಿತು. ಸೆಕೆಂಡಿಗೆ 33.6 ಕಿಲೋಬಿಟ್ ಓಡುತ್ತಿದ್ದ ಮೋಡೆಮನ್ನು 56ರವರೆಗೆ ಓಡಿಸುವೆವೆಂದು ಎರಡು ಪಕ್ಷಗಳು ಎದ್ದವು. ಯು.ಎಸ್. ರೊಬಾಟಿಕ್ಸ್ ಕಂಪೆನಿಯದು ‘ಎಕ್ಸ್2’. ರಾಕ್‌ವೆಲ್ ಮತ್ತು ಲೂಸೆಂಟ್ ಕಂಪೆನಿಗಳದು ‘ಕೆ56ಫ್ಲೆಕ್ಸ್’. ಬೇರೆ ಬೇರೆ ಪಕ್ಷದವು ಎದುರಾದರೆ ಹಳೆಯ ವೇಗವೇ ಗತಿ. ಮನೆಯವನ ಹಣ ಸಿಕ್ಕಿಬೀಳುವುದು ಒಂದು ಮೋಡೆಮಿನಲ್ಲಿ. ಇಂಟರ್‌ನೆಟ್ ಕೊಡುವವನದಾದರೋ ಸಾಲು ಸಾಲು ಯಂತ್ರಗಳಲ್ಲಿ. ಸೋಲುವ ಪಕ್ಷ ಹಿಡಿದರೆ ಬಂಡವಾಳವೆಲ್ಲ ಹೊಳೆಯಲ್ಲಿ ತೊಳೆದ ಹುಣಿಸೆಹಣ್ಣು. ಕಾದು ಕುಳಿತರೆ ಗಿರಾಕಿ ಪಕ್ಕದ ಅಂಗಡಿಯ ಪಾಲು.

1998ರ ಫೆಬ್ರುವರಿಯಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದಲ್ಲಿ ‘ವಿ.90’ ಎಂಬ ಒಂದೇ ಪದ್ಧತಿಗೆ ಒಪ್ಪಿಗೆಯಾಯಿತು. ಒಳಗಿನ ತಂತ್ರಾಂಶವನ್ನಷ್ಟೇ ಬದಲಿಸಬಹುದಾದ ಮೋಡೆಮ್ ಕೊಂಡಿದ್ದವರು ಬದುಕಿಕೊಂಡರು. ಅದೇ ವರ್ಷದ ನವೆಂಬರಿನಲ್ಲಿ ನಮ್ಮ ಸರ್ಕಾರ ಖಾಸಗಿ ಕಂಪೆನಿಗಳಿಗೂ ಇಂಟರ್‌ನೆಟ್ಟಿನ ಬಾಗಿಲು ತೆರೆಯಿತು. ತಡವಾಗಿ ಬಂದ ಇವರಿಗೆ ಆ ಜೂಜು ತಪ್ಪಿತು.

ಹಾಗಾದರೆ ಕಾಯುವುದೇ ಜಾಣತನವೆ? ಊರು ಬಿಟ್ಟು ಬಂದ ನಾವು ಹಾಗೆನ್ನಲಾರೆವು. 2003ರ ಸುಮಾರಿಗೆ ನಮ್ಮ ಮನೆಗೆ ಸಿ.ಡಿ.ಎಂ.ಎ. ಪದ್ಧತಿಯ ಮೊಬೈಲ್ ಫೋನು ಬಂತು. ಜಿ.ಎಸ್.ಎಂ. ಎಂಬ ಇನ್ನೊಂದು ಪದ್ಧತಿಯೂ ಇತ್ತು; ಒಂದರ ಫೋನು ಇನ್ನೊಂದರಲ್ಲಿ ನಡೆಯದು. ಮುಂದೆ ನಮ್ಮ ದೇಶದಲ್ಲಿ ಸಿ.ಡಿ.ಎಂ.ಎ. ಸೇವೆಯೇ ನಿಂತಿತು. ನಮ್ಮ ಫೋನು ಮೇಜಿನ ಖಾನೆ ಸೇರಿತು. ಆದರೆ ಅದಕ್ಕೂ ಮೊದಲು ಆರು ವರ್ಷ, ಭಾನುವಾರ ಭಾನುವಾರವೂ, ಧಾರವಾಡದ ನಮ್ಮ ಅಜ್ಜಿಯ ಧ್ವನಿ ಅದರಲ್ಲೇ ಕೇಳಿಸಿತು. “ಉಂಡಿರೇನು?” ಎಂಬುದೇ ಅವರ ಮೊದಲ ಮಾತು. ಯಾವ ಪದ್ಧತಿ ಗೆಲ್ಲುವುದೋ ನೋಡೋಣವೆಂದು ನಾವು ಕಾಯಬಹುದಿತ್ತು; ಅಜ್ಜಿಯ ಆಯುಸ್ಸು ಕಾಯುತ್ತಿರಲಿಲ್ಲ.

ಈಗಲೂ ಏನಾದರೂ ಕೊಳ್ಳುವಾಗ ಮನೆಯಲ್ಲಿ ಎರಡು ಪ್ರಶ್ನೆ ಹಾಕಿಕೊಳ್ಳುತ್ತೇವೆ. ಬೇರೆಯವರ ಸಾಮಾನಿನೊಡನೆ ಇದು ಹೊಂದೀತೆ? ಹೊಂದದೆ ಮೂಲೆ ಸೇರಿದರೂ, ಅಷ್ಟರೊಳಗೆ ಕೊಟ್ಟ ಹಣಕ್ಕೆ ತಕ್ಕ ಕೆಲಸ ಮಾಡೀತೆ? ಎರಡನೆಯದಕ್ಕೆ ಹೌದೆಂಬ ಉತ್ತರ ಬಂದರೆ, ಸಾಲ ಮಾಡದೆ ಕೊಂಡುಬಿಡುತ್ತೇವೆ.