ಅಪ್ಪನ ಲೇತ್‌ಗೆ ಮೂರು ಫೇಸ್

ನಮ್ಮಪ್ಪ ಭದ್ರಾವತಿಯಲ್ಲಿ ಟರ್ನರ್ ಆಗಿದ್ದವರು. 1998ರಲ್ಲಿ ನಿವೃತ್ತರಾಗಿ ಶಿವಮೊಗ್ಗದ ಮನೆಗೆ ಬಂದಾಗ ಕೈಗೆ ಬಂದ ಹಣದಲ್ಲಿ ಮೊದಲು ಕೊಂಡದ್ದು ಒಂದು ಹಳೆಯ ಲೇತ್. ಯಾವುದೋ ವರ್ಕ್‌ಶಾಪ್ ಮುಚ್ಚುವಾಗ ಗುಜರಿ ಬೆಲೆಗೆ ಸಿಕ್ಕಿದ್ದು. ಅಮ್ಮ ಎರಡು ದಿನ ಮಾತು ಬಿಟ್ಟಿದ್ದರು.

ಅದರ ಮೋಟಾರು 2 ಅಶ್ವಶಕ್ತಿಯದು, ಮೂರು ಫೇಸ್, 415 ವೋಲ್ಟ್. ಮನೆಗೆ ಬರುತ್ತಿದ್ದುದು ಒಂದೇ ಫೇಸ್, 230 ವೋಲ್ಟ್. ತಮಾಷೆ ನೋಡಿ, ಜೋಗದ ವಿದ್ಯುತ್ತಿನಿಂದ ಕಬ್ಬಿಣವನ್ನೇ ಕರಗಿಸಿದ ಊರಲ್ಲಿ ದುಡಿದವರಿಗೆ ಮನೆಯಲ್ಲೊಂದು ಚಕ್ಕು ತಿರುಗಿಸಲು ಕರೆಂಟಿಲ್ಲ! ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬರು "ಎರಡು ವೈರಿಗೂ ತಿರುಗುತ್ತೆ ಬಿಡಿ" ಎಂದು ಕೊಟ್ಟೇಬಿಟ್ಟರು. ಮೋಟಾರು ಗುಂಯ್‌ಗುಟ್ಟಿತೇ ಹೊರತು ಕದಲಲಿಲ್ಲ. ವಾರ್ನಿಷ್ ಸುಟ್ಟ ವಾಸನೆ ಬಂದಾಗ ಅಪ್ಪ ಓಡಿಹೋಗಿ ಸ್ವಿಚ್ ಆರಿಸಿದರು. ಮೂರು ಫೇಸಿನ ಸಂಪರ್ಕಕ್ಕೆ ಅರ್ಜಿ, ಠೇವಣಿ, ಹೊಸ ವೈರಿಂಗ್ ಎಂದು ಲೆಕ್ಕ ಹಾಕಿದರೆ ಲೇತ್‌ನ ಬೆಲೆಯನ್ನೂ ಮೀರಿತು. ಅದಕ್ಕೆ ಟಾರ್ಪಾಲು ಹೊದಿಸಿದ್ದಾಯಿತು. ವರ್ಷಗಟ್ಟಲೆ ಅಪ್ಪ ಭಾನುವಾರ ಟಾರ್ಪಾಲು ಸರಿಸಿ ಎಣ್ಣೆ ಹಚ್ಚಿ ಮತ್ತೆ ಮುಚ್ಚುತ್ತಿದ್ದರು.

2019ರಲ್ಲಿ ನನ್ನ ಮಗಳು ಎಲೆಕ್ಟ್ರಿಕಲ್ ಡಿಪ್ಲೊಮಾ ಓದುತ್ತಿದ್ದಳು. "ಬೀಸುವ ಕಲ್ಲನ್ನು ಮೂವರು ಸರದಿಯಂತೆ ನೂಕಿದರೆ ಸುತ್ತುತ್ತೆ. ಒಬ್ಬನೇ ಹಿಂದೆ ಮುಂದೆ ಎಳೆದರೆ ಬರೀ ಅಲ್ಲಾಡುತ್ತೆ, ತಾತ" ಎಂದಳು. ಮೂರು ಫೇಸ್ ಎಂದರೆ ಅಷ್ಟೇ ಎಂದು ನನಗೆ ಅರ್ಥವಾದದ್ದೂ ಅಂದೇ. ಅವಳು ಹೇಳಿದ ಉಪಾಯ ಡ್ರೈವ್ ಎಂಬ ಪೆಟ್ಟಿಗೆ. ಮನೆಯ ಕರೆಂಟನ್ನು ಅದು ಮೊದಲು ಡಿ.ಸಿ. ಮಾಡಿ, ಮತ್ತೆ ಮೂರು ಫೇಸಾಗಿ ಕತ್ತರಿಸಿಕೊಡುತ್ತದೆ. ಆದರೆ ಹೊರಬರುವುದು 230 ವೋಲ್ಟೇ, 415 ಅಲ್ಲ. ಅದೃಷ್ಟಕ್ಕೆ ಮೋಟಾರಿನ ಫಲಕದಲ್ಲಿ 240/415 ಎಂದಿತ್ತು, ಒಳಗೆ ಆರು ತುದಿಗಳೂ ಇದ್ದವು. ಸ್ಟಾರ್ ಜೋಡಣೆಯ ಹಿತ್ತಾಳೆ ಪಟ್ಟಿಗಳನ್ನು ತಿರುಗಿಸಿ ಡೆಲ್ಟಾ ಮಾಡಬೇಕು.

ಅವಳ ಮೇಷ್ಟರೊಬ್ಬರು ಬಂದು ಮೆಗ್ಗರ್ ಹಿಡಿದು ಸುರುಳಿ ಪರೀಕ್ಷಿಸಿದರು, ಅರ್ಥಿಂಗ್ ನೋಡಿದರು. ಲೇತ್‌ನ ಹಳೆಯ ಸ್ವಿಚ್ಚನ್ನು ತೆಗೆದೇಹಾಕಿಸಿದರು. ಡ್ರೈವ್ ಮತ್ತು ಮೋಟಾರಿನ ನಡುವೆ ಸ್ವಿಚ್ ಹಾಕಿ ಆರಿಸಿದರೆ ಡ್ರೈವೇ ಹಾಳಾದೀತಂತೆ. ಆರಿಸಿದ ಮೇಲೂ ಅದರ ಕೆಪಾಸಿಟರ್‌ನಲ್ಲಿ ಪ್ರಾಣಕ್ಕೆ ಸಾಲುವಷ್ಟು ಕರೆಂಟು ಉಳಿದಿರುತ್ತದೆ, ಕೂಡಲೇ ಮುಚ್ಚಳ ಬಿಚ್ಚಬೇಡಿ ಎಂದೂ ಎಚ್ಚರಿಸಿದರು. ಇದನ್ನು ಓದಿ ಹುರುಪುಗೊಳ್ಳುವ ಹುಡುಗರೂ ಕೇಳಿಸಿಕೊಳ್ಳಲಿ.

ಗುಂಡಿ ಒತ್ತಿದಳು. ಚಕ್ಕು ಮೆಲ್ಲಗೆ ಎದ್ದು, ವೇಗ ಹಿಡಿದು ತಿರುಗಿತು. ದೀಪ ಮಂಕಾಗಲಿಲ್ಲ. ಅಪ್ಪ ಹಿತ್ತಾಳೆ ತುಂಡೊಂದಕ್ಕೆ ಟೂಲ್ ತಾಗಿಸಿದರು. ಕೈ ನಡುಗುತ್ತಿತ್ತು, ಗೀರು ಸೊಟ್ಟಗೆ ಬಿತ್ತು. ನಿಲ್ಲಿಸಲು ಹೇಳಿ, ಕನ್ನಡಕ ಒರೆಸಿಕೊಂಡು ಪಕ್ಕಕ್ಕೆ ಸರಿದರು.

"ಬಾ, ಹಿಡಿ ನೀನು" ಎಂದರು ಮೊಮ್ಮಗಳಿಗೆ. "ಮೊದಲು ಜಡೆ ಕಟ್ಟಿಕೊ."