ಚುಕ್ಕಿಯಿಂದ ಶುರುವಾಗುವ ಫೈಲುಗಳು

ನಮ್ಮ ಮನೆಗೆ ಬಂದ ಮೊದಲ ಲ್ಯಾಪ್‌ಟಾಪ್ ಅಕ್ಕನದು. ಬಿಸಿಎ ಓದುವಾಗ ಹಳೆಯದೊಂದನ್ನು ಕೊಂಡು, ಅದಕ್ಕೆ ಲಿನಕ್ಸ್ ಹಾಕಿಕೊಂಡಿದ್ದಳು. ಕಳೆದ ವರ್ಷ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು. ಕಂಪನಿಯವರು ಬೇರೆ ಲ್ಯಾಪ್‌ಟಾಪ್ ಕೊಟ್ಟರು, ಹಳೆಯದು ನನ್ನ ಪಾಲಿಗೆ ಬಂತು. ಕೊಡುವಾಗ ಅವಳು ಹೇಳಿದ್ದು ಒಂದೇ ಮಾತು: “ಸೆಟ್ಟಿಂಗ್ ಎಲ್ಲ ನಾಲ್ಕು ವರ್ಷದಿಂದ ಮಾಡಿಟ್ಟದ್ದು. ಹಾಳು ಮಾಡಬೇಡ.”

ನಾನು ಹಾಳು ಮಾಡಿದೆ.

ದ್ವಿತೀಯ ಪಿಯುಸಿ ತರಗತಿ ಶುರುವಾಗುವ ಮೊದಲು ಲ್ಯಾಪ್‌ಟಾಪ್ ತೀರಾ ನಿಧಾನವಾಗಿತ್ತು. ಹೊಸದಾಗಿ ಲಿನಕ್ಸ್ ಹಾಕೋಣ ಎಂದು ಹೊರಟೆ. ಹೋಮ್ ಫೋಲ್ಡರಿನಲ್ಲಿ ಇದ್ದದ್ದನ್ನು ಪೆನ್‌ಡ್ರೈವಿಗೆ ನಕಲು ಮಾಡಲು ಟರ್ಮಿನಲ್‌ನಲ್ಲಿ ‘ಸಿಪಿ’ ಕಮಾಂಡ್ ಬರೆದು, ಫೈಲುಗಳ ಹೆಸರಿನ ಜಾಗದಲ್ಲಿ ನಕ್ಷತ್ರ ಚಿಹ್ನೆ ಹಾಕಿದೆ. ನಕ್ಷತ್ರ ಎಂದರೆ ‘ಎಲ್ಲವೂ’ ಎಂದು ನನ್ನ ನಂಬಿಕೆ. ಫೋಟೊ, ನೋಟ್ಸ್, ಪ್ರೋಗ್ರಾಂ ಎಲ್ಲ ಪೆನ್‌ಡ್ರೈವಿಗೆ ಬಂದವು. ಧೈರ್ಯವಾಗಿ ಡಿಸ್ಕ್ ಫಾರ್ಮ್ಯಾಟ್ ಮಾಡಿದೆ.

ಹೊಸ ಸಿಸ್ಟಂ ತೆರೆದರೆ ಬೇರೆಯವರ ಮನೆಗೆ ಹೋದಂತೆ ಇತ್ತು. ವಿಮ್ ಎಡಿಟರಿನಲ್ಲಿ ಸಾಲಿನ ಸಂಖ್ಯೆ ಇಲ್ಲ. ಅಕ್ಕ ಮಾಡಿಟ್ಟಿದ್ದ ಪುಟ್ಟ ಪುಟ್ಟ ಕಮಾಂಡುಗಳು ಒಂದೂ ಓಡುವುದಿಲ್ಲ. ಫೋನ್ ಮಾಡಿದೆ. ಸ್ವಲ್ಪ ಹೊತ್ತು ಆ ಕಡೆ ಮಾತೇ ಇಲ್ಲ.

“ಎಂತ ಮಾಡಿದ್ದು ಮಾರಾಯ ನೀನು? ಚುಕ್ಕಿ ಫೈಲುಗಳನ್ನು ತೆಗೆದಿಡಲಿಲ್ಲವಾ?”

ಯುನಿಕ್ಸ್ ಮಾದರಿಯ ಸಿಸ್ಟಂಗಳಲ್ಲಿ ಹೆಸರಿನ ಮೊದಲ ಅಕ್ಷರ ಚುಕ್ಕಿಯಾಗಿದ್ದರೆ ಆ ಫೈಲು ಪಟ್ಟಿಯಲ್ಲಿ ಕಾಣುವುದಿಲ್ಲ. ಬೆಲ್ ಲ್ಯಾಬ್ಸ್‌ನಲ್ಲಿ ಕೆಲಸ ಮಾಡಿದ್ದ ರಾಬ್ ಪೈಕ್ ಇದರ ಕಥೆ ಬರೆದಿದ್ದಾರೆ. ಪ್ರತಿ ಫೋಲ್ಡರಿನಲ್ಲೂ ಒಂದು ಚುಕ್ಕಿ, ಎರಡು ಚುಕ್ಕಿ ಎಂಬ ಎರಡು ಹೆಸರುಗಳು ಇರುತ್ತವೆ. ಒಂದು ಚುಕ್ಕಿ ಎಂದರೆ ಆ ಫೋಲ್ಡರೇ, ಎರಡು ಎಂದರೆ ಅದರ ಮೇಲಿನದು. ಇವೆರಡನ್ನು ಪಟ್ಟಿಯಿಂದ ಮರೆಮಾಡಲು ಮೊದಲ ಅಕ್ಷರ ಚುಕ್ಕಿಯೇ ಎಂದಷ್ಟೇ ನೋಡುವ ಸುಲಭದ ದಾರಿ ಹಿಡಿದರಂತೆ. ಹಾಗಾಗಿ ಚುಕ್ಕಿಯಿಂದ ಶುರುವಾಗುವ ಎಲ್ಲವೂ ಮರೆಯಾದವು. ಪ್ರೋಗ್ರಾಂಗಳು ತಮ್ಮ ಸೆಟ್ಟಿಂಗುಗಳನ್ನು ಅಂಥ ಫೈಲುಗಳಲ್ಲಿ ಇಡತೊಡಗಿದವು. ನಕ್ಷತ್ರ ಚಿಹ್ನೆಯೂ ಅವುಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನನಗೆ ಇದು ಗೊತ್ತಾದದ್ದು ಡಿಸ್ಕ್ ಅಳಿಸಿದ ಮೇಲೆ.

ಸೆಟ್ಟಿಂಗುಗಳನ್ನು ಮತ್ತೆ ಮಾಡಬಹುದು. ಆದರೆ ಲ್ಯಾಪ್‌ಟಾಪ್ ಕೊಡುವ ಮೊದಲು ಅಕ್ಕ ಆ ಫೈಲುಗಳಲ್ಲಿ ನನಗಾಗಿ ಕನ್ನಡದಲ್ಲಿ ಟಿಪ್ಪಣಿ ಬರೆದಿದ್ದಳಂತೆ. ಯಾವ ಸಾಲು ಏಕೆ, ಯಾವುದನ್ನು ಮುಟ್ಟಬಾರದು, ಕೆಟ್ಟರೆ ಏನು ಮಾಡಬೇಕು ಎಂದೆಲ್ಲ. ನಾನು ಒಂದು ದಿನವೂ ಅವುಗಳನ್ನು ತೆರೆದು ನೋಡಿರಲಿಲ್ಲ. ಅವತ್ತು ರಾತ್ರಿ ಊಟಕ್ಕೆ ಕೂತಾಗ ಉಮ್ಮ, “ಎಂತ, ಜ್ವರವಾ?” ಎಂದು ಕೇಳಿದರು.

ಮುಂದಿನ ಭಾನುವಾರ ಅಕ್ಕನೇ ವಿಡಿಯೊ ಕಾಲ್ ಮಾಡಿದಳು. “ಹೋದದ್ದು ಹೋಯಿತು. ಈಗ ಹೋಗದ ಹಾಗೆ ಇಡಲು ಕಲಿ” ಎಂದಳು.

ಮೊದಲು ಹೋಮ್‌ನಲ್ಲಿ ‘ಡಾಟ್‌ಫೈಲ್ಸ್’ ಎಂಬ ಫೋಲ್ಡರ್. ಅದರೊಳಗೆ ಬ್ಯಾಷ್, ವಿಮ್, ಗಿಟ್ ಎಂದು ಒಂದೊಂದಕ್ಕೆ ಒಂದೊಂದು ಫೋಲ್ಡರ್. ನಿಜವಾದ ಸೆಟ್ಟಿಂಗ್ ಫೈಲುಗಳು ಇರುವುದು ಇಲ್ಲಿ. ಹೋಮ್‌ನಲ್ಲಿ ಇರುವುದು ಸಿಂಬಾಲಿಕ್ ಲಿಂಕ್ ಮಾತ್ರ. ಅದು ರಸ್ತೆಯ ಕೈಮರದ ಹಾಗೆ: ‘ನೀವು ಹುಡುಕುವುದು ಅಲ್ಲಿದೆ’ ಎಂದು ತೋರಿಸುತ್ತದೆ. ಈ ಕೈಮರಗಳನ್ನು ನೆಡುವ ಕೆಲಸ ಗ್ನೂ ಸ್ಟೋ ಎಂಬ ಪುಟ್ಟ ಪ್ರೋಗ್ರಾಂನದು. ಡಾಟ್‌ಫೈಲ್ಸ್ ಫೋಲ್ಡರಿಗೆ ಹೋಗಿ ‘ಸ್ಟೋ ವಿಮ್’ ಎಂದರೆ ಸಾಕು, ವಿಮ್‌ಗೆ ಬೇಕಾದ ಲಿಂಕುಗಳು ಮೇಲಿನ ಫೋಲ್ಡರಿನಲ್ಲಿ, ಅಂದರೆ ಹೋಮ್‌ನಲ್ಲಿ, ತಯಾರಾಗುತ್ತವೆ.

‘ಸ್ಟೋ ಬ್ಯಾಷ್’ ಎಂದಾಗ ಮಾತ್ರ ಅದು ತಕರಾರು ತೆಗೆಯಿತು. ಹೊಸ ಸಿಸ್ಟಂ ತಾನೇ ಒಂದು ಬ್ಯಾಷ್ ಸೆಟ್ಟಿಂಗ್ ಫೈಲನ್ನು ಇಟ್ಟಿತ್ತು. ಇರುವ ಫೈಲಿನ ಮೇಲೆ ಸ್ಟೋ ಬರೆಯುವುದಿಲ್ಲ, ನಿಂತು ಹೇಳುತ್ತದೆ. ಫಾರ್ಮ್ಯಾಟ್ ಮಾಡುವಾಗ ನನಗೂ ಯಾರಾದರೂ ಹಾಗೆ ಹೇಳಬಾರದಿತ್ತೇ ಎನಿಸಿತು. ಹಳೆಯ ಫೈಲಿಗೆ ಬೇರೆ ಹೆಸರು ಕೊಟ್ಟ ಮೇಲೆ ಕೆಲಸ ಆಯಿತು.

ಆಮೇಲೆ ಆ ಫೋಲ್ಡರನ್ನು ಗಿಟ್‌ಗೆ ಸೇರಿಸಿ ನೆಟ್ಟಿನಲ್ಲೂ ಒಂದು ಪ್ರತಿ ಇಟ್ಟೆವು. ಗಿಟ್ ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಕೆಲಸಕ್ಕೆಂದೇ ಬರೆದದ್ದು. ಪ್ರತಿ ಬದಲಾವಣೆಯ ಲೆಕ್ಕ ಅದರಲ್ಲಿ ಉಳಿಯುತ್ತದೆ. ಅದಕ್ಕೇ ಅಕ್ಕ ಎರಡೆರಡು ಸಲ ಎಚ್ಚರಿಸಿದಳು: ಪಾಸ್‌ವರ್ಡ್, ಎಸ್‌ಎಸ್‌ಎಚ್‌ನ ಖಾಸಗಿ ಕೀ ಅದಕ್ಕೆ ಹಾಕಲೇಬಾರದು. ಮರುದಿನ ಅಳಿಸಿದರೂ ಹಳೆಯ ಲೆಕ್ಕದಲ್ಲಿ ಅದು ಇದ್ದೇ ಇರುತ್ತದೆ.

ಕಳೆದ ತಿಂಗಳು ಮಾವನ ಮಗನ ಕಂಪ್ಯೂಟರಿನಲ್ಲಿ ಪರೀಕ್ಷೆ ಮಾಡಿದೆ. ಗಿಟ್‌ನಿಂದ ಫೋಲ್ಡರ್ ಇಳಿಸಿ ಮೂರು ಸಲ ಸ್ಟೋ ಎಂದದ್ದಷ್ಟೇ. ಒಂದು ಲೋಟ ಚಹಾ ಮುಗಿಯುವುದರೊಳಗೆ ನನ್ನ ವಿಮ್ ಅಲ್ಲಿ ತೆರೆದುಕೊಂಡಿತು. ಅವನಿಗೂ ಅದೇ ಬೇಕಂತೆ.

ಅವನಿಗೆ ಕೊಡುವ ಮೊದಲು ಪ್ರತಿ ಸಾಲಿನ ಮೇಲೆ ಕನ್ನಡದಲ್ಲಿ ಟಿಪ್ಪಣಿ ಬರೆದೆ. ಅಕ್ಕ ಏನು ಬರೆದಿದ್ದಳೋ ನನಗೆ ಗೊತ್ತಿಲ್ಲ, ನೆನಪಿಲ್ಲ ಎನ್ನುತ್ತಾಳೆ. ನನ್ನ ಫೈಲಿನ ಮೊದಲ ಸಾಲು ಮಾತ್ರ ಇದು: ‘ಅಳಿಸುವ ಮೊದಲು ಒಮ್ಮೆ ತೆರೆದು ಓದು.’