ಮೊಸರು ಬಿಟ್ಟವನ ಹೊಟ್ಟೆ: ಕೆಲವು ಟಿಪ್ಪಣಿಗಳು

ನಮ್ಮದು ಮೊದಲಿನಿಂದಲೂ ಮಾಂಸ, ಮೊಟ್ಟೆ ಮುಟ್ಟದ ಮನೆ. ಕೆಲಸದ ನಿಮಿತ್ತ ನಮ್ಮಲ್ಲೇ ಉಳಿದುಕೊಂಡಿರುವ ತಮ್ಮನ ಮಗ ‘ನಾನಿನ್ನು ವೀಗನ್’ ಅಂದಾಗ, ಬಿಡೋದಕ್ಕೆ ಇನ್ನೇನು ಉಳಿದಿದೆ ಅಂತ ಲೆಕ್ಕ ಹಾಕಿದೆ. ಹಾಲು, ಮೊಸರು, ಬೆಣ್ಣೆ, ತುಪ್ಪ, ಜೇನು. ಇಷ್ಟೇ. ಆದರೆ ಇಷ್ಟು ಹೋದರೆ ಬೆಳಗಿನ ಕಾಫಿ ಹೋಯಿತು, ತೊವ್ವೆಯ ಮೇಲಿನ ತುಪ್ಪ ಹೋಯಿತು, ಮಜ್ಜಿಗೆಹುಳಿ ಹೋಯಿತು. ಮೊಸರನ್ನ ಉಣ್ಣದೆ ಊಟ ಮುಗಿಯೋದು ಹೇಗೆ ಅನ್ನೋದು ಅಮ್ಮನ ಪ್ರಶ್ನೆ. ಅವನ ಮೈಯೊಳಗೆ ಏನು ನಡೆಯುತ್ತದೆ ಅನ್ನೋದು ನನ್ನದು. ನೋಡುತ್ತ, ಓದುತ್ತ ಗುರುತು ಹಾಕಿಕೊಂಡ ಟಿಪ್ಪಣಿಗಳಿವು.

ತಲೆನೋವು

ಮೊದಲ ವಾರ ಹುಡುಗ ಹಣೆ ಒತ್ತಿಕೊಂಡೇ ಓಡಾಡಿದ. ‘ಇದು ಡಿಟಾಕ್ಸ್ ದೊಡ್ಡಪ್ಪ, ಇಷ್ಟು ವರ್ಷದ ವಿಷ ಹೊರಗೆ ಹೋಗ್ತಾ ಇದೆ’ ಅಂದ. ಹಾಲಿನಲ್ಲಿದ್ದ ವಿಷ ಯಾವುದು, ಅದು ತಲೆಯ ಮೂಲಕವೇ ಯಾಕೆ ಹೊರಡಬೇಕು? ಬೇಡದ್ದನ್ನು ಹೊರಹಾಕಲು ಪಿತ್ತಜನಕಾಂಗ, ಮೂತ್ರಪಿಂಡ ದಿನವೂ ದುಡಿಯುತ್ತಲೇ ಇರುತ್ತವಲ್ಲ!

ಉತ್ತರ ಕಾಫಿ ಫಿಲ್ಟರಿನಲ್ಲಿತ್ತು. ಅವನ ಪಾಲಿನ ಡಿಕಾಕ್ಷನ್ ದಿನವೂ ಹಾಗೇ ಉಳಿಯುತ್ತಿತ್ತು. ಹಾಲಿಲ್ಲದ ಕಾಫಿ ಕಹಿ ಅಂತ ಕಾಫಿಯನ್ನೇ ಬಿಟ್ಟಿದ್ದ. ನಿತ್ಯ ಕೆಫೀನ್ ಕಂಡ ಮೈಗೆ ಅದು ತಪ್ಪಿದರೆ ಒಂದು ದಿನದೊಳಗೆ ತಲೆನೋವು ಶುರುವಾಗಬಹುದು. 2ರಿಂದ 9 ದಿನ ಕಾಡಿ ತಾನೇ ಹೋಗುತ್ತದೆ. ಹಾಲಿಗೂ ಇದಕ್ಕೂ ಸಂಬಂಧವೇ ಇಲ್ಲ.

ಗ್ಯಾಸು

ಪ್ರೋಟೀನ್ ಬೇಕೆಂದು ಕಡಲೆಕಾಳು, ರಾಜ್ಮಾ, ಸೋಯಾ ಒಂದೇ ಸಲ ತಟ್ಟೆಗೆ ಬಂದವು. ಹೊಟ್ಟೆ ಉಬ್ಬರಿಸಿತು. ಕಾಳುಗಳಲ್ಲಿ ರ‍್ಯಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಸಕ್ಕರೆಗಳಿವೆ. ಅವನ್ನು ಒಡೆಯುವ ಕಿಣ್ವ ಮನುಷ್ಯರ ಕರುಳಿನಲ್ಲಿಲ್ಲ. ಅವು ಹಾಗೇ ದೊಡ್ಡ ಕರುಳಿಗೆ ಇಳಿಯುತ್ತವೆ, ಅಲ್ಲಿನ ಬ್ಯಾಕ್ಟೀರಿಯಾಗಳು ಅವನ್ನು ತಿಂದು ಹೈಡ್ರೋಜನ್, ಕಾರ್ಬನ್ ಡೈಆಕ್ಸೈಡ್ ಬಿಡುತ್ತವೆ. ಕೆಲವರಲ್ಲಿ ಮೀಥೇನ್ ಕೂಡ.

ಕಾಳು ನೆನೆಸಿದ ನೀರನ್ನು ಅಮ್ಮ ಯಾವಾಗಲೂ ಚೆಲ್ಲುತ್ತಿದ್ದಳು. ಯಾಕೆ ಅಂತ ನಾವು ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಆ ಸಕ್ಕರೆಗಳಲ್ಲಿ ಒಂದು ಪಾಲು ಆ ನೀರಿನ ಜೊತೆಗೇ ಹೋಗುತ್ತದೆ. ಮೊಳಕೆ ಬರಿಸಿದರೆ ಇನ್ನಷ್ಟು ಕಡಿಮೆ.

ಕರುಳಿನ ಬ್ಯಾಕ್ಟೀರಿಯಾಗಳೂ ಊಟಕ್ಕೆ ತಕ್ಕಂತೆ ಬದಲಾಗುತ್ತವೆ. 2014ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದರಲ್ಲಿ ಹತ್ತು ಜನ ಐದು ದಿನ ಬರೀ ಸಸ್ಯಮೂಲದ ಆಹಾರ, ಇನ್ನೊಮ್ಮೆ ಐದು ದಿನ ಬರೀ ಪ್ರಾಣಿಮೂಲದ ಆಹಾರ ತಿಂದರು. ಆಹಾರ ಕರುಳಿನ ಕೆಳಭಾಗ ತಲುಪಿದ ಒಂದೇ ದಿನದಲ್ಲಿ ಬ್ಯಾಕ್ಟೀರಿಯಾಗಳ ಲೆಕ್ಕಾಚಾರ ಬದಲಾಗತೊಡಗಿತು. ವಿಚಿತ್ರವೆಂದರೆ ಹೆಚ್ಚು ಏರುಪೇರಾದದ್ದು ಪ್ರಾಣಿಮೂಲದ ಆಹಾರದಲ್ಲಿ. ಅಂದರೆ ಸೊಪ್ಪುಕಾಳಿನ ಕಡೆಗೆ ತಿರುಗುವುದು ಕರುಳಿಗೆ ದೊಡ್ಡ ಕ್ರಾಂತಿಯೇನಲ್ಲ. ಉಬ್ಬರವೂ ಕೆಲವು ವಾರಗಳಲ್ಲಿ ಹೆಚ್ಚಿನವರಿಗೆ ಇಳಿಯುತ್ತದೆ. ನಮ್ಮವನಿಗೂ ಇಳಿಯಿತು.

ತೂಕ

ಹನ್ನೊಂದು ಗಂಟೆಗೇ ಹಸಿವು ಅನ್ನುತ್ತಿದ್ದ. ತುಪ್ಪ, ಗಟ್ಟಿಮೊಸರು ಹೋಗಿ ಆ ಜಾಗಕ್ಕೆ ಸೌತೆಕಾಯಿ ಬಂದರೆ ಹೊಟ್ಟೆ ತುಂಬಿದಂತೆ ಕಂಡರೂ ಕ್ಯಾಲೊರಿ ಕಡಿಮೆ. ಹೀಗೆ ಸ್ವಲ್ಪ ತೂಕ ಇಳಿಯಿತು. ಆಮೇಲೆ ಏರಿತು. ಬಜ್ಜಿ, ಆಲೂ ಚಿಪ್ಸ್, ಬಾಟಲಿಯ ತಂಪು ಪಾನೀಯ ಎಲ್ಲವೂ ವೀಗನ್ ಎಂಬುದು ಅಷ್ಟರಲ್ಲಿ ಅವನಿಗೆ ಗೊತ್ತಾಗಿತ್ತು.

ಕೊಲೆಸ್ಟರಾಲ್ ವಿಷಯ ಮಾತ್ರ ಬೇರೆ. 2023ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದವರು 22 ಜೋಡಿ ತದ್ರೂಪಿ ಅವಳಿಗಳ ಅಧ್ಯಯನ ಪ್ರಕಟಿಸಿದರು. ಪ್ರತಿ ಜೋಡಿಯಲ್ಲಿ ಒಬ್ಬರಿಗೆ 8 ವಾರ ವೀಗನ್ ಊಟ, ಇನ್ನೊಬ್ಬರಿಗೆ ಮಾಂಸವೂ ಇರುವ ಒಳ್ಳೆಯ ಊಟ. ವೀಗನ್ ಅವಳಿಗಳ ಎಲ್‌ಡಿಎಲ್, ಅಂದರೆ ‘ಕೆಟ್ಟ’ ಕೊಲೆಸ್ಟರಾಲ್, ಸ್ಪಷ್ಟವಾಗಿ ಹೆಚ್ಚು ಇಳಿದಿತ್ತು.

ಮೆಣಸಿನಕಾಯಿ ತೊಟ್ಟಿನ ಮೊಸರು

ಶೇಂಗಾ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಸೋಸಿ ಹಾಲು ತೆಗೆದ. ಕಾಯಿಸಿ, ಉಗುರುಬೆಚ್ಚಗಾದ ಮೇಲೆ ಹಸಿಮೆಣಸಿನಕಾಯಿಯ ತೊಟ್ಟುಗಳನ್ನು ಹಾಕಿ ರಾತ್ರಿ ಮುಚ್ಚಿಟ್ಟ. ಬೆಳಿಗ್ಗೆ ನೋಡಿದರೆ ಹೆಪ್ಪುಗಟ್ಟಿದೆ! ಹೆಪ್ಪಿಲ್ಲದೆ ಹೆಪ್ಪು ಹೇಗೆ? ತೊಟ್ಟಿನ ಮೇಲಿರುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳ ಕೆಲಸವಂತೆ. ಅಮ್ಮ ಒಂದು ಚಮಚ ಬಾಯಿಗಿಟ್ಟು, ‘ಮೊಸರೇನೋ ಹೌದು ಮಗಾ, ಯಾವ ಹಸುವಿನದೂಂತ ಗೊತ್ತಾಗ್ತಿಲ್ಲ’ ಅಂದಳು.

ಹುಳಿ ಬಂತು, ರುಚಿ ಬಂತು. ಆದರೆ ಹಾಲಿನಲ್ಲಿದ್ದಷ್ಟು ಕ್ಯಾಲ್ಸಿಯಂ ಅದರಲ್ಲಿಲ್ಲ.

ಕ್ಯಾಲ್ಸಿಯಂ

100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ಅಷ್ಟೇ ತೂಕದ ಹಸುವಿನ ಹಾಲಿನಲ್ಲಿ ಸುಮಾರು 120. ಹಾಗಾದರೆ ಮುದ್ದೆ ಉಂಡರೆ ಚಿಂತೆಯೇ ಇಲ್ಲ ಅಂದುಕೊಳ್ಳುವ ಹಾಗಿಲ್ಲ. ರಾಗಿಯಲ್ಲಿರುವ ಫೈಟೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೊಳಕೆ ಕಟ್ಟಿ ಹಿಟ್ಟು ಮಾಡಿಸಿದರೆ ಆ ಹಿಡಿತ ಸಡಿಲವಾಗುತ್ತದೆ. ಪಾಲಕ್‌ನಲ್ಲಿ ಆಕ್ಸಲೇಟ್ ಅಡ್ಡ. ಎಳ್ಳು, ನುಗ್ಗೆಸೊಪ್ಪನ್ನೂ ಊಟಕ್ಕೆ ಸೇರಿಸಿಕೊಳ್ಳಬೇಕು.

ಇಲ್ಲೊಂದು ಗುಟ್ಟು. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆಯಾದರೆ ಮೈ ಅದನ್ನು ಮೂಳೆಯಿಂದ ತೆಗೆದು ರಕ್ತಕ್ಕೆ ಹಾಕುತ್ತದೆ. ಹಾಗಾಗಿ ರಕ್ತಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಸರಿಯಾಗಿಯೇ ಕಾಣುತ್ತದೆ.

ಮದುವೆಮನೆಯ ಪಾಯಸ

ನೆಂಟರ ಒತ್ತಾಯಕ್ಕೆ ಶ್ಯಾವಿಗೆ ಪಾಯಸ ಕುಡಿದು ಬಂದವನ ಹೊಟ್ಟೆ ಗುಡುಗುಡು ಅಂತು. ‘ನೋಡಿ, ನನ್ನ ಮೈ ಹಾಲು ಅರಗಿಸೋದನ್ನೇ ಮರೆತಿದೆ’ ಅಂದ. ಅಲ್ಲ. ಹಾಲಿನ ಸಕ್ಕರೆಯನ್ನು ಅರಗಿಸುವ ಲ್ಯಾಕ್ಟೇಸ್ ಕಿಣ್ವ ಹಾಲು ಕುಡಿದರೆ ಹೆಚ್ಚಾಗುವುದಿಲ್ಲ, ಬಿಟ್ಟರೆ ಕಡಿಮೆಯಾಗುವುದೂ ಇಲ್ಲ. ದೊಡ್ಡವರಾದ ಮೇಲೂ ಅದು ಉಳಿಯುತ್ತದೋ ಇಲ್ಲವೋ ಎಂಬುದು ವಂಶವಾಹಿಯ ಮಾತು. ದಕ್ಷಿಣ ಭಾರತದ ಬಹಳ ಮಂದಿಯಲ್ಲಿ ಅದು ಚಿಕ್ಕಂದಿನ ನಂತರ ಇಳಿದಿರುತ್ತದೆ. ದಿನಾ ಹಾಲು ಕುಡಿಯುವಾಗ ಕರುಳಿನ ಬ್ಯಾಕ್ಟೀರಿಯಾಗಳು ಹೊಂದಿಕೊಂಡು ಕೊರತೆ ತೋರಗೊಡುವುದಿಲ್ಲ. ಮರೆತದ್ದು ಅವು, ಅವನಲ್ಲ.

ಬಿ12

ಎಲ್ಲಕ್ಕಿಂತ ಹೆಚ್ಚು ತಲೆ ಕೆಡಿಸಿದ್ದು ಇದು. ದಿನಕ್ಕೆ ಬೇಕಾದದ್ದು ಎರಡೂವರೆ ಮೈಕ್ರೋಗ್ರಾಂನಷ್ಟು. ಧೂಳಿನ ಕಣ! ಆದರೆ ಅದನ್ನು ಯಾವ ಗಿಡವೂ ಮಾಡುವುದಿಲ್ಲ, ಪ್ರಾಣಿಯೂ ಮಾಡುವುದಿಲ್ಲ. ಮಾಡುವುದು ಸೂಕ್ಷ್ಮಜೀವಿಗಳು ಮಾತ್ರ. ಹಸುವಿಗೆ ಸಿಗುವುದು ಅದರ ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾಗಳಿಂದ. ನಮ್ಮ ದೊಡ್ಡ ಕರುಳಿನಲ್ಲೂ ಅಂಥವು ಇವೆ. ದುರದೃಷ್ಟವೆಂದರೆ ಬಿ12 ಹೀರಿಕೊಳ್ಳುವ ಜಾಗ ಅದಕ್ಕೂ ಮೊದಲು, ಸಣ್ಣ ಕರುಳಿನ ಕೊನೆಯಲ್ಲಿದೆ. ತಯಾರಾದದ್ದು ನಮಗೆ ದಕ್ಕುವುದಿಲ್ಲ. ಸ್ಪಿರುಲಿನಾದಲ್ಲಿ ಇರುವುದು ಹೆಚ್ಚಾಗಿ ಬಿ12ರಂತೆ ಕಾಣುವ, ನಮಗೆ ಉಪಯೋಗವಿಲ್ಲದ ವಸ್ತು. ಹುಳಿ ಬಂದ ದೋಸೆಹಿಟ್ಟನ್ನೂ ನೆಚ್ಚುವಂತಿಲ್ಲ.

‘ಪಿತ್ತಜನಕಾಂಗದಲ್ಲಿ ವರ್ಷಗಟ್ಟಲೆ ಸಾಲುವಷ್ಟು ಕೂಡಿಟ್ಟಿರುತ್ತೆ ದೊಡ್ಡಪ್ಪ’ ಅಂದ ಹುಡುಗ. ನಿಜ, ಆದರೆ ಆ ಲೆಕ್ಕ ಮಾಂಸಾಹಾರ ಬಿಟ್ಟು ಬಂದವರದು. ಹುಟ್ಟಿದಂದಿನಿಂದ ಲೋಟ ಹಾಲು, ಸೌಟು ಮೊಸರಿನಲ್ಲೇ ಬೆಳೆದವನ ಉಳಿತಾಯ ಖಾತೆಯಲ್ಲಿ ಎಷ್ಟಿರುತ್ತದೆ? ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡ ಸುತ್ತಲಿನ ಹಳ್ಳಿಗಳ ಗರ್ಭಿಣಿಯರನ್ನು ಪರೀಕ್ಷಿಸಿದಾಗ ಬಹುಪಾಲು ಮಂದಿಯಲ್ಲಿ ಬಿ12 ಕಡಿಮೆಯಿತ್ತು. ಕೊರತೆಗೆ ವೀಗನ್ ಆಗಿಯೇ ಇರಬೇಕೆಂದಿಲ್ಲ.

ಕೊರತೆ ಬೇಗ ಕಾಣಿಸಿಕೊಳ್ಳುವುದೂ ಇಲ್ಲ. ಸೊಪ್ಪು, ಬೇಳೆಯಲ್ಲಿ ಹೇರಳವಾಗಿರುವ ಫೋಲೇಟ್ ರಕ್ತಹೀನತೆಯನ್ನು ಮರೆಮಾಡಬಲ್ಲದು. ಅಷ್ಟರಲ್ಲಿ ನರಗಳು ಸವೆಯುತ್ತವೆ. ಪಾದ ಜುಮ್ಮೆನ್ನುವುದು, ಮರೆವು ಶುರುವಾಗುವ ಹೊತ್ತಿಗೆ ತಡವಾಗಿರಬಹುದು.

ಕೊನೆಗೆ ತೋಚಿದ್ದು

ತಲೆನೋವು, ಉಬ್ಬರ, ಹಸಿವು ಮನೆಮಂದಿಗೆಲ್ಲ ಗೊತ್ತಾದವು, ತಾವಾಗಿಯೇ ಹೋದವು. ಮೂಳೆ, ನರದ ವಿಷಯ ಅವನಿಗೇ ಗೊತ್ತಾಗುವುದಿಲ್ಲ. ಮೈ ಹಗುರಾಗಿದೆ ಎಂಬ ಅನುಭವವನ್ನು ನಂಬಿ ಕೂರಬಾರದು. ಹಾಲು ಬಿಡುವವರು ಧಾರಾಳವಾಗಿ ಬಿಡಲಿ. ಮೊದಲು ಒಮ್ಮೆ ಬಿ12 ಪರೀಕ್ಷೆ ಮಾಡಿಸಿ, ವೈದ್ಯರನ್ನು ಕೇಳಿ ಮಾತ್ರೆ ಶುರುಮಾಡಲಿ. ಗರ್ಭಿಣಿಯರು, ಬಾಣಂತಿಯರು ಇದರಲ್ಲಿ ಒಂದು ದಿನವೂ ಉದಾಸೀನ ಮಾಡಬಾರದು. ಮಾತ್ರೆಯ ಬಿ12 ಕೂಡ ಬ್ಯಾಕ್ಟೀರಿಯಾಗಳಿಂದಲೇ ತಯಾರಾಗುವುದರಿಂದ ವ್ರತಭಂಗದ ಭಯವಿಲ್ಲ. ಕ್ಯಾಪ್ಸೂಲ್ ಆದರೆ ಹೊದಿಕೆ ಪ್ರಾಣಿಮೂಲದ ಜೆಲಟಿನ್‌ನದೋ ಅಂತ ನೋಡಿಕೊಳ್ಳಿ, ಅಷ್ಟೇ.